ಬೆಂಕಿಯ ಸುತ್ತ ಕೂತ ನಾಲ್ವರು

ನಮ್ಮ ಅನಿಮೇಷನ್ ಸರಣಿಯ ಮೊದಲ ಕಂತಿನಲ್ಲಿ ಎಲ್ಲರೂ ಹೊಡೆದಾಡುತ್ತಾರೆ. ಎರಡನೆಯ ಕಂತಿನಿಂದ ಮುಂದೆ ಯಾರೂ ಹೊಡೆದಾಡುವುದಿಲ್ಲ. ಈ ಎರಡು ಕಂತುಗಳ ನಡುವೆ ಏಳು ತಿಂಗಳು ಕಳೆದವು. ನಾನು ಈ ಕೆಲಸದಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಆ ಏಳು ತಿಂಗಳಲ್ಲಿ ಕಲಿತದ್ದು.

ನಾವು ಮೂವರು. ಹಗಲು ಮುದ್ರಣಾಲಯವೊಂದರಲ್ಲಿ ಪುಟ ವಿನ್ಯಾಸ ಮಾಡಿ, ರಾತ್ರಿ ಚಿತ್ರ ಬರೆಯುವವನು ನಾನು. ಸದ್ದು, ಸಂಗೀತ ನನ್ನ ತಮ್ಮನದು. ಸಂಭಾಷಣೆ ಧಾರವಾಡದಲ್ಲಿರುವ ಗೆಳತಿಯದು. ನಮ್ಮ ಸರಣಿಯಲ್ಲಿ ನಾಲ್ಕು ವಿಡಿಯೋ ಆಟಗಳ ಪಾತ್ರಗಳು ಒಂದೆಡೆ ಸೇರುತ್ತವೆ: 2014ರ ಶವೆಲ್ ನೈಟ್, 2015ರ ಅಂಡರ್‌ಟೇಲ್, 2017ರ ಹಾಲೋ ನೈಟ್, 2018ರ ಸೆಲೆಸ್ಟ್. ನಾಲ್ಕೂ ಇಂಡೀ ಆಟಗಳು, ಅಂದರೆ ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಕೆಲವೇ ಜನ ಕೂತು ಕಟ್ಟಿದವು. ಅಂಡರ್‌ಟೇಲ್‌ನ ಕಥೆ, ಸಂಗೀತ, ಪ್ರೋಗ್ರಾಮಿಂಗ್ ಬಹುಮಟ್ಟಿಗೆ ಟೋಬಿ ಫಾಕ್ಸ್ ಒಬ್ಬರದೇ. ಹಾಲೋ ನೈಟ್ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಟೀಮ್ ಚೆರ್ರಿ ಎಂಬ ಪುಟ್ಟ ತಂಡದ್ದು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕೇ ದಿನಗಳಲ್ಲಿ ಮಾಡಿದ ಚಿಕ್ಕ ಆಟವೊಂದು ಬೆಳೆದು ಸೆಲೆಸ್ಟ್ ಆಯಿತು. ಮೊದಲ ಮೂರು ಆಟಗಳು ಹೊರಬರುವ ಮುನ್ನವೇ ಅವುಗಳಿಗೆ ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಹಣ ಕೂಡಿಸುವ ಜಾಲತಾಣದ ಮೂಲಕ ಹಣ ಹಾಕಿದವರು ಸಾಮಾನ್ಯ ಆಟಗಾರರು. ಈ ಆಟಗಳನ್ನು ಆಡಿದವರಿಗೆ ಅವು ತಮ್ಮ ಮನೆಯವು ಎನಿಸಲು ಇದೂ ಒಂದು ಕಾರಣವಿರಬೇಕು.

ಇಂಡೀ ಆಟಗಳ ಪಾತ್ರಗಳು ಒಬ್ಬರ ಮನೆಗೆ ಒಬ್ಬರು ಹೋಗಿಬರುವ ರೂಢಿ ಮೊದಲಿನಿಂದಲೂ ಇದೆ. 2010ರ ಸೂಪರ್ ಮೀಟ್ ಬಾಯ್ ಆಟದಲ್ಲಿ ಬ್ರೇಡ್ ಆಟದ ಟಿಮ್ ಸಿಗುತ್ತಾನೆ. ಅದೇ ಹೆಸರಿನ ಆಟದ ನಾಯಕ, ಸಲಿಕೆ ಹಿಡಿದ ಯೋಧ ಶವೆಲ್ ನೈಟ್ ಅಂತೂ ನೆಂಟರ ಮನೆಗೆ ಹೋದ ಹಾಗೆ ಬೇರೆಯವರ ಹಲವು ಆಟಗಳಿಗೆ ಹೋಗಿಬಂದಿದ್ದಾನೆ. ಹಾಗಾಗಿ ಇವರನ್ನೆಲ್ಲ ಒಂದೆಡೆ ಸೇರಿಸುವುದು ಸುಲಭ ಎಂದುಕೊಂಡು ಕೆಲಸಕ್ಕೆ ಕೈಹಾಕಿದೆ.

ಮೊದಲ ಕಂತಿನಲ್ಲಿ ಪ್ರತಿ ಪಾತ್ರವನ್ನೂ ಅದರ ಮೂಲ ರೂಪದಲ್ಲೇ ಇಟ್ಟೆ. ಸೆಲೆಸ್ಟ್‌ನ ಮ್ಯಾಡೆಲಿನ್ ಪಿಕ್ಸೆಲ್ ಹುಡುಗಿ, ಹಾಲೋ ನೈಟ್‌ನ ಪುಟ್ಟ ನೈಟ್, ಅಂದರೆ ಪುಟ್ಟ ಯೋಧ, ಕೈಯಲ್ಲಿ ಬರೆದ ಗೆರೆಯವನು. ಸೆಲೆಸ್ಟ್‌ನ ಇಡೀ ತೆರೆ 320 ಪಿಕ್ಸೆಲ್ ಅಗಲ, 180 ಪಿಕ್ಸೆಲ್ ಎತ್ತರ. ಅದನ್ನು ಸರಿಯಾಗಿ ಆರು ಪಟ್ಟು ಹಿಗ್ಗಿಸಿದರೆ ಇಂದಿನ ಪೂರ್ಣ ಎಚ್‌ಡಿ ತೆರೆ, ಅಂದರೆ 1920 ಮತ್ತು 1080. ಇದು ಗೊತ್ತಿಲ್ಲದೆ ನಾನು ಅವಳನ್ನು ಕಣ್ಣಳತೆಯಲ್ಲಿ ಐದೂವರೆ ಪಟ್ಟು ಹಿಗ್ಗಿಸಿದೆ. ಒಂದು ಪಿಕ್ಸೆಲ್ ಐದು ಚುಕ್ಕೆಯಷ್ಟು, ಪಕ್ಕದ್ದು ಆರು ಚುಕ್ಕೆಯಷ್ಟು ಆಗಿ, ಅವಳು ನಡೆದಾಗ ಮುಖವೇ ಕದಲುವಂತೆ ಕಂಡಿತು. ಪಿಕ್ಸೆಲ್ ಚಿತ್ರವನ್ನು ಯಾವಾಗಲೂ ಪೂರ್ಣಸಂಖ್ಯೆಯಲ್ಲಿಯೇ ಹಿಗ್ಗಿಸಬೇಕು. ಹಿಗ್ಗಿಸುವಾಗ ಅಂಚುಗಳನ್ನು ನಯಮಾಡುವ ಆಯ್ಕೆಯನ್ನು ತೆಗೆದುಹಾಕಿರಬೇಕು. ಆ ತಪ್ಪನ್ನು ತಿದ್ದಿದ ಮೇಲೂ ಕಂತು ನಿಲ್ಲಲಿಲ್ಲ. ಬೇರೆ ಬೇರೆ ಪತ್ರಿಕೆಗಳಿಂದ ಕತ್ತರಿಸಿ ಒಂದೇ ಹಾಳೆಗೆ ಅಂಟಿಸಿದ ಚಿತ್ರಗಳಂತೆ ಅವರು ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರು. ಒಬ್ಬರ ಪೆಟ್ಟು ಇನ್ನೊಬ್ಬರಿಗೆ ತಾಗಿದಂತೆ ಅನಿಸುತ್ತಲೇ ಇರಲಿಲ್ಲ.

ದಾರಿ ಸಿಕ್ಕಿದ್ದು ಆ ಚಳಿಗಾಲ ಸಾಗರ ಊರಿನ ಬಳಿ ನೋಡಿದ ಒಂದು ಯಕ್ಷಗಾನದಲ್ಲಿ. ಬಣ್ಣದ ವೇಷದ ಪ್ರವೇಶ. ಇಬ್ಬರು ಹಿಡಿದ ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಪಾದ, ಇಷ್ಟೇ ಕಾಣುತ್ತಿತ್ತು. ಮುಖ ಕಂಡೇ ಇರಲಿಲ್ಲ. ಆದರೂ ನನ್ನ ಪಕ್ಕದಲ್ಲಿದ್ದ ಹಿರಿಯರು ಹೆಜ್ಜೆ ನೋಡಿಯೇ ಬಂದವರು ಯಾರೆಂದು ಹೇಳಿಬಿಟ್ಟರು. ನಾನು ಅಲ್ಲಿಯವರೆಗೆ ಮುಖವನ್ನು ಕಾಪಾಡಲು ಹೆಣಗಿದ್ದೆ. ಕಾಪಾಡಬೇಕಾಗಿದ್ದದ್ದು ಹೆಜ್ಜೆಯನ್ನು.

ಮನೆಗೆ ಬಂದವನೇ ಎಲ್ಲ ಪಾತ್ರಗಳನ್ನೂ ನನ್ನ ಒಂದೇ ಕೈಯ ಗೆರೆಯಲ್ಲಿ, ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ, ಹೊಸದಾಗಿ ಬರೆಯತೊಡಗಿದೆ. ಪಿಕ್ಸೆಲ್ ಬಿಟ್ಟೆ. ಆದರೆ ಪ್ರತಿಯೊಬ್ಬರ ಚಲನೆಯ ಲೆಕ್ಕವನ್ನು ಅವರವರ ಆಟದಿಂದಲೇ ತಂದೆ. ಅನಿಮೇಷನ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್. ನಮ್ಮಂಥವರು ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ, ಸೆಕೆಂಡಿಗೆ 12 ಚಿತ್ರಗಳಲ್ಲಿ ಕೆಲಸ ಮುಗಿಸುತ್ತೇವೆ. ಮೂರು ನಿಮಿಷದ ಕಂತಿಗೆ ಲೆಕ್ಕದ ಪ್ರಕಾರ 2,160 ಚಿತ್ರ. ನಿಂತ ಭಂಗಿಗಳನ್ನು ಕಳೆದರೆ ನಾನು ನಿಜವಾಗಿ ಬರೆದದ್ದು 1,300ರ ಆಸುಪಾಸು.

ಮ್ಯಾಡೆಲಿನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಟದಲ್ಲಿ ಅವಳು ಬಂಡೆಯ ಅಂಚು ದಾಟಿದ ಮೇಲೂ ಸುಮಾರು 0.1 ಸೆಕೆಂಡಿನವರೆಗೆ ಜಿಗಿಯಬಹುದು. ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕೈಗೆ ಮಾತ್ರ ಹಿತವಾಗಿರುತ್ತದೆ. ನನ್ನ ಲೆಕ್ಕದಲ್ಲಿ 0.1 ಸೆಕೆಂಡ್ ಎಂದರೆ ಹೆಚ್ಚುಕಡಿಮೆ ಒಂದೇ ಒಂದು ಚಿತ್ರ. ಅವಳು ಜಿಗಿಯುವ ಮುನ್ನ ಆ ಒಂದು ಚಿತ್ರವನ್ನು ಸೇರಿಸಿದೆ: ಪಾದ ಗಾಳಿಯಲ್ಲಿದೆ, ಮೈ ಮಾತ್ರ ನೆಲ ಇದೆ ಎಂದು ನಂಬಿದೆ. ಅವಳ ಕೂದಲೂ ಹಾಗೆಯೇ. ಆಟದಲ್ಲಿ ಅದು ಒಂದರ ಬೆನ್ನಿಗೆ ಒಂದು ಎಳೆದುಕೊಂಡು ಬರುವ ಸಣ್ಣ ಉಂಡೆಗಳ ಸಾಲು. ಗಾಳಿಯಲ್ಲಿ ಒಮ್ಮೆ ಚಿಮ್ಮಿದರೆ ಕೆಂಪಿದ್ದದ್ದು ನೀಲಿಯಾಗುತ್ತದೆ, ಕಾಲು ನೆಲಕ್ಕೆ ತಾಗಿದೊಡನೆ ಮತ್ತೆ ಕೆಂಪು. ಈ ಎರಡನ್ನು ಉಳಿಸಿಕೊಂಡರೆ ಸಾಕು, ಮೂಗು ಕಣ್ಣು ಹೇಗೆ ಬರೆದರೂ ಅವಳು ಮ್ಯಾಡೆಲಿನ್ ಆಗಿಯೇ ಇರುತ್ತಾಳೆ.

ಶವೆಲ್ ನೈಟ್‌ಗೆ ಇದರ ತದ್ವಿರುದ್ಧ. ಅವನು ಹಳೆಯ ಎಂಟು ಬಿಟ್ ಆಟಗಳ ಮಾದರಿಯವನು, ಭಂಗಿಗಳು ಕೆಲವೇ. ಅವನಿಗೆ ನಡುವಿನ ಚಿತ್ರಗಳನ್ನು ಬರೆದರೆ ಗುರುತೇ ಸಿಗದಂತಾಗುತ್ತಾನೆ. ಸಲಿಕೆ ಎತ್ತಿದ ಭಂಗಿ, ಸಲಿಕೆ ಇಳಿಸಿದ ಭಂಗಿ, ನಡುವೆ ಏನೂ ಇಲ್ಲ. ಅಂಡರ್‌ಟೇಲ್‌ನ ಸ್ಯಾನ್ಸ್ ಎಂಬ ಅಸ್ಥಿಪಂಜರ ಜೇಬಿನಲ್ಲಿ ಕೈಯಿಟ್ಟು ನಿಲ್ಲುತ್ತಾನೆ, ಅಷ್ಟೇ. ಕಪ್‌ಹೆಡ್ ಆಟದ ಬಟ್ಟಲುತಲೆಯ ಹುಡುಗನನ್ನೂ ಕರೆತರಬೇಕೆಂದು ಬಹಳ ಆಸೆಯಿತ್ತು. ಆದರೆ 1930ರ ದಶಕದ ಕಾರ್ಟೂನುಗಳ ಹಾದಿಯಲ್ಲಿ ಕಾಗದದ ಮೇಲೆ ಬರೆದ ಆ ಆಟದಲ್ಲಿ ಪ್ರತಿ ಫ್ರೇಮ್‌ಗೂ ಬೇರೆ ಚಿತ್ರ, ಸೆಕೆಂಡಿಗೆ 24. ನಾಲ್ಕು ಸೆಕೆಂಡಿನ ಒಂದು ತುಣುಕಿಗೆ 96 ಚಿತ್ರ ಬರೆಯಲು ಹನ್ನೊಂದು ರಾತ್ರಿ ಹಿಡಿದವು. ಅವನ ಚಿತ್ರಗಳನ್ನು ಅರ್ಧಕ್ಕಿಳಿಸಿದರೆ ಅವನ ಪುಟಿತವೇ ಹೋಗುತ್ತಿತ್ತು. ಹಾಗೆ ಕರೆತರುವುದಕ್ಕಿಂತ ಕರೆತರದಿರುವುದೇ ಅವನಿಗೆ ಮರ್ಯಾದೆ ಎಂದು ಬಿಟ್ಟುಬಿಟ್ಟೆ.

ಹೆಜ್ಜೆ ಸಿಕ್ಕಿತು. ಇವರು ಸೇರುವುದು ಎಲ್ಲಿ ಎಂಬುದು ಉಳಿಯಿತು. ಸೇರಿದ ತಕ್ಷಣ ಕಾದಾಡಿಸುವುದು ಇಂಥ ಸರಣಿಗಳಲ್ಲಿ ಬಂದ ದಾರಿ, ಮೊದಲ ಕಂತಿನಲ್ಲಿ ನಾನೂ ಅದೇ ದಾರಿ ಹಿಡಿದಿದ್ದೆ. ಒಂದು ಭಾನುವಾರ ನಾಲ್ಕು ಆಟಗಳನ್ನೂ ಮತ್ತೊಮ್ಮೆ ಆಡುತ್ತಾ ಕೂತಾಗ ಗೆಳತಿ ಫೋನಿನಲ್ಲಿ ಹೇಳಿದಳು: “ಇವರೆಲ್ಲ ಎಲ್ಲೋ ಒಂದು ಕಡೆ ಕೂತು ದಣಿವಾರಿಸಿಕೊಳ್ಳುತ್ತಾರಲ್ಲ, ಅದನ್ನು ನೋಡು.” ನೋಡಿದೆ. ಹಾಲೋ ನೈಟ್‌ನಲ್ಲಿ ದಾರಿಯುದ್ದಕ್ಕೂ ಬೆಂಚುಗಳಿವೆ, ನೈಟ್ ಕೂತರೆ ಅವನ ಪೆಟ್ಟು ವಾಸಿಯಾಗುತ್ತದೆ. ಸೆಲೆಸ್ಟ್‌ನಲ್ಲಿ ಮ್ಯಾಡೆಲಿನ್ ಬೆಟ್ಟದ ಮೇಲೆ ಬೆಂಕಿ ಹಾಕಿಕೊಂಡು ಥಿಯೋ ಎಂಬ ಗೆಳೆಯನ ಜೊತೆ ರಾತ್ರಿಯೆಲ್ಲ ಮಾತಾಡುತ್ತಾಳೆ. ಶವೆಲ್ ನೈಟ್ ಬೆಂಕಿಯ ಪಕ್ಕದಲ್ಲಿ ಮಲಗಿ, ತಾನು ಕಳೆದುಕೊಂಡ ಶೀಲ್ಡ್ ನೈಟ್ ಆಕಾಶದಿಂದ ಬೀಳುವ ಕನಸು ಕಾಣುತ್ತಾನೆ, ಅವಳನ್ನು ಹಿಡಿಯಲು ಓಡುತ್ತಾನೆ. ಅಂಡರ್‌ಟೇಲ್‌ನಲ್ಲಿ ಹೊಳೆಯುವ ನಕ್ಷತ್ರವೊಂದರ ಬಳಿ ನಿಂತರೆ ಮನಸ್ಸಿನಲ್ಲಿ ಛಲ ತುಂಬುತ್ತದೆ. ನಾಲ್ಕೂ ಆಟಗಳು ಬಲು ಕಷ್ಟದವು ಅಥವಾ ಬಲು ದುಃಖದವು, ಹಾಗಾಗಿ ನಾಲ್ಕರಲ್ಲೂ ತಂಗುವ ಜಾಗವೊಂದಿದೆ. ಅವರು ಸೇರಬೇಕಾದದ್ದು ಅಲ್ಲಿಯೇ. ಎರಡನೆಯ ಕಂತಿನಿಂದ ಎಲ್ಲವೂ ಒಂದು ಬೆಂಕಿಯ ಸುತ್ತ, ಒಂದು ಬೆಂಚಿನ ಆಸುಪಾಸಿನಲ್ಲಿ ನಡೆಯುತ್ತದೆ.

ಆ ‘ಛಲ’ ಎಂಬ ಪದವನ್ನು ಆರಿಸಿದವಳೂ ಗೆಳತಿಯೇ. ಮೂಲದ ಮಾತಿಗೆ ‘ದೃಢಸಂಕಲ್ಪ’ ಎನ್ನಬಹುದಿತ್ತು. ಆದರೆ ಛಲ ಎಂದರೆ ನಮಗೆ ದುರ್ಯೋಧನನೂ ನೆನಪಾಗುತ್ತಾನೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒದಗುವ ಪದ. ಅಂಡರ್‌ಟೇಲ್‌ನಲ್ಲಿಯೂ ಆ ಗುಣಕ್ಕೆ ಎರಡೂ ಮುಖಗಳಿವೆ. ಶವೆಲ್ ನೈಟ್ ಮೂಲದಲ್ಲಿ ಹಳೆಗಾಲದ ಇಂಗ್ಲಿಷ್ ಆಡುತ್ತಾನೆ, ಅವನಿಗೆ ಅರ್ಥಗಾರಿಕೆಯ ಕನ್ನಡ ಕೊಟ್ಟೆವು. ಎಲ್ಲರನ್ನೂ ‘ತಾವು’ ಎನ್ನುತ್ತಾನೆ, ಪುಟ್ಟ ನೈಟ್‌ನನ್ನೂ. ಸ್ಯಾನ್ಸ್ ಎಲ್ಲರನ್ನೂ ‘ನೀನು’ ಎನ್ನುತ್ತಾನೆ. ಮ್ಯಾಡೆಲಿನ್ ಮೂರನೆಯ ಕಂತಿನವರೆಗೆ ಶವೆಲ್ ನೈಟ್‌ಗೆ ‘ನೀವು’ ಎಂದು, ಆಮೇಲೆ ‘ನೀನು’ ಎನ್ನುವ ಒಂದು ಸಾಲಿದೆ. ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಆ ಸಾಲೇ ಇರುತ್ತಿರಲಿಲ್ಲ.

ಸ್ಯಾನ್ಸ್ ಮತ್ತು ಅವನ ತಮ್ಮ ಪಪೈರಸ್‌ರ ಹೆಸರುಗಳು ಎರಡು ಅಕ್ಷರ ಶೈಲಿಗಳದ್ದು, ಅವರ ಮಾತು ಅದದೇ ಶೈಲಿಯಲ್ಲಿ ತೆರೆಯ ಮೇಲೆ ಬರುತ್ತದೆ. ಸ್ಯಾನ್ಸ್‌ನದು ಪೂರ್ತಿ ಚಿಕ್ಕಕ್ಷರ, ಪಪೈರಸ್‌ನದು ಪೂರ್ತಿ ದೊಡ್ಡಕ್ಷರ. ಕನ್ನಡದಲ್ಲಿ ಈ ಭೇದವೇ ಇಲ್ಲ. ಸ್ಯಾನ್ಸ್‌ನ ಮಾತನ್ನು ತೆಳ್ಳಗಿನ ಅಕ್ಷರದಲ್ಲಿ, ಕೊನೆಗೆ ಪೂರ್ಣವಿರಾಮ ಕೂಡ ಇಡದೆ ಬರೆದೆವು. ಪಪೈರಸ್‌ಗೆ ನನ್ನ ಸೋದರಮಾವನ ಬಳಿ ಹೋದೆ. ಅವರು ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು.

“ಯಾಕಪ್ಪಾ ಈ ಹುಡುಗ ಹೀಗೆ ಕೂಗಾಡುತ್ತಾನೆ?” ಎಂದರು.

“ರಾಜನ ಪಹರೆಗೆ ಸೇರಬೇಕೆಂಬ ಆಸೆ, ಮಾವ. ಯಾರೂ ಸೇರಿಸಿಕೊಳ್ಳುತ್ತಿಲ್ಲ.”

“ಹಾಗಾದರೆ ಒತ್ತಕ್ಷರ ದೊಡ್ಡದಿರಲಿ” ಎಂದು ಕುಂಚ ತೆಗೆದುಕೊಂಡರು. ಪಪೈರಸ್‌ನ ಮಾತಿನಲ್ಲಿ ಒತ್ತುಗಳು ಇಂದಿಗೂ ಮೇಲಿನ ಅಕ್ಷರದಷ್ಟೇ ದಪ್ಪವಾಗಿವೆ, ಎಲ್ಲವೂ ಅವರ ಕೈಯವು.

ಎಲುಬಿನ ಮೇಲಿನ ಶ್ಲೇಷೆಗಳಿಲ್ಲದೆ ಸ್ಯಾನ್ಸ್ ಇಲ್ಲ. ಮೂಲದ ಶ್ಲೇಷೆಗಳನ್ನು ಕನ್ನಡಕ್ಕೆ ತರುವ ಪ್ರಯತ್ನವನ್ನೇ ಗೆಳತಿ ಮಾಡಲಿಲ್ಲ. ಶವೆಲ್ ನೈಟ್ ಉದ್ದುದ್ದ ಮಾತಾಡಿ ಮುಗಿಸಿದಾಗ ಸ್ಯಾನ್ಸ್ ಹೇಳುವುದು ಇಷ್ಟು: “ನಿನ್ನ ನಾಲಿಗೆಗೆ ಎಲುಬಿಲ್ಲ, ನನ್ನ ಎಲುಬಿಗೆ ನಾಲಿಗೆಯಿಲ್ಲ”. ಇದು ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು.

ಮೂರನೆಯ ಕಂತಿನ ಗರಿಯ ದೃಶ್ಯ ನನ್ನ ಕೈಯಿಂದ ಬಂದ ಒಳ್ಳೆಯ ಕೆಲಸ. ಸೆಲೆಸ್ಟ್ ಆಟದಲ್ಲಿ, ನಡುದಾರಿಯಲ್ಲಿ ನಿಂತುಹೋದ ರೋಪ್‌ವೇ ತೊಟ್ಟಿಲಿನಲ್ಲಿ ಮ್ಯಾಡೆಲಿನ್‌ಗೆ ಗಾಬರಿ ಹತ್ತಿಕೊಂಡು ಉಸಿರು ಕಟ್ಟುತ್ತದೆ. ಆಗ ಥಿಯೋ, ಒಂದು ಗರಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ಉಸಿರಿನಿಂದ ಅದನ್ನು ತೇಲಿಸು ಎಂದು ಕಲಿಸುತ್ತಾನೆ. ನಮ್ಮ ಕಂತಿನಲ್ಲಿ ಥಿಯೋ ಇಲ್ಲ. ಬೆಂಕಿಯ ಪಕ್ಕದಲ್ಲಿ ಅವಳಿಗೆ ಮತ್ತೆ ಹಾಗಾಗುತ್ತದೆ. ಪಕ್ಕದಲ್ಲಿರುವುದು ಪುಟ್ಟ ನೈಟ್. ಅವನಿಗೆ ಮಾತಿಲ್ಲ, ಬಿಳಿಯ ಮುಖವಾಡ ಎಂದೂ ಬದಲಾಗುವುದಿಲ್ಲ, ಕಣ್ಣಿರುವಲ್ಲಿ ಎರಡು ಕಪ್ಪು ಗುಳಿ. ಅವನು ಹೇಗೆ ಸಮಾಧಾನ ಹೇಳಬೇಕು?

ಮೊಬೈಲಿನ ಗಡಿಯಾರ ಇಟ್ಟುಕೊಂಡು ನನ್ನ ಉಸಿರನ್ನೇ ಅಳೆದೆ. ಒಳಗೆ ಮೂರು ಸೆಕೆಂಡ್, ಹೊರಗೆ ನಾಲ್ಕು. ಅಂದರೆ ಗರಿ ಏರಲು 36 ಚಿತ್ರ, ಇಳಿಯಲು 48. ಮೊದಲ ಎರಡು ಉಸಿರಿನಲ್ಲಿ ಅವಳ ಭುಜ ನಡುಗುತ್ತದೆ, ಆ ನಡುಕಕ್ಕೆ ಮಾತ್ರ ಪ್ರತಿ ಫ್ರೇಮ್‌ಗೂ ಬೇರೆ ಚಿತ್ರ ಬರೆದೆ. ಮೂರನೆಯ ಉಸಿರಿಗೆ ಗರಿ ಸ್ಥಿರವಾಗುತ್ತದೆ. ಅಷ್ಟರಲ್ಲಿ ನೈಟ್‌ನ ತಲೆ ಮೆಲ್ಲಗೆ ಮೇಲೇಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಮೊದಲು ಗರಿ ಮತ್ತು ತಲೆಯನ್ನು ಒಟ್ಟೊಟ್ಟಿಗೆ ಚಲಿಸುವಂತೆ ಬರೆದಿದ್ದೆ, ಎರಡನ್ನೂ ಒಂದೇ ದಾರದಿಂದ ಎಳೆದಂತೆ ಕಂಡಿತು. ತಲೆಯನ್ನು ನಾಲ್ಕು ಚಿತ್ರಗಳಷ್ಟು ಹಿಂದೆ ಸರಿಸಿದೆ. ಅಂದು ರಾತ್ರಿ ಅಮ್ಮ ಹಾಲಿನ ಲೋಟ ಇಡಲು ಬಂದವರು ತೆರೆಯ ಮುಂದೆ ನಿಂತುಬಿಟ್ಟರು. ಅವರು ಈ ಆಟಗಳಲ್ಲಿ ಒಂದನ್ನೂ ನೋಡಿದವರಲ್ಲ.

“ಅದಕ್ಕೂ ಆ ಗರಿ ಕಾಣಿಸುತ್ತಿದೆಯೇ?” ಎಂದು ಕೇಳಿದರು.

ಆ ನಾಲ್ಕು ಚಿತ್ರಗಳ ಅಂತರವನ್ನು ಅಲ್ಲಿಂದಾಚೆ ನಾನು ಮುಟ್ಟಿಲ್ಲ.

ಹಕ್ಕುಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಾತ್ರಗಳು ನಮ್ಮವಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆ, ಖಾಸಗಿ ಬಳಕೆ ಮುಂತಾದವಕ್ಕೆ ವಿನಾಯಿತಿ ಕೊಡುತ್ತದೆ, ಅಭಿಮಾನಿಗಳ ಅನಿಮೇಷನ್‌ಗೆ ಅದರಲ್ಲಿ ಹೆಸರಿಟ್ಟು ಜಾಗ ಕೊಟ್ಟಿಲ್ಲ. ಆದ್ದರಿಂದ ನಾವು ಜಾಹೀರಾತು ಹಾಕುವುದಿಲ್ಲ, ಏನನ್ನೂ ಮಾರುವುದಿಲ್ಲ, ಪ್ರತಿ ಕಂತಿನ ಆರಂಭದಲ್ಲಿ ಆಟ ಮಾಡಿದವರ ಹೆಸರು ಹಾಕುತ್ತೇವೆ, ಅವರು ತೆಗೆಯಿರಿ ಎಂದ ದಿನ ತೆಗೆಯುತ್ತೇವೆ. ಮೊದಲ ಕಂತಿಗೆ ಆಟದ ಸಂಗೀತವನ್ನೇ ಬಳಸಿದ್ದೆ, ಏರಿಸಿದ ಕೆಲವೇ ನಿಮಿಷಗಳಲ್ಲಿ ವಿಡಿಯೋದ ಸದ್ದು ನಿಂತುಹೋಯಿತು. ನನ್ನದೇ ತಪ್ಪು ಅದು. ಈಗ ತಮ್ಮ ಹಾರ್ಮೋನಿಯಂ ಒಂದರಲ್ಲೇ ಎಲ್ಲವನ್ನೂ ನುಡಿಸುತ್ತಾನೆ. ಗರಿಯ ದೃಶ್ಯದಲ್ಲಿ ಕೇಳುವುದು ತಿದಿಯ ಗಾಳಿ ಮಾತ್ರ, ಸ್ವರವಿಲ್ಲ.

ಈಗ ಆರನೆಯ ಕಂತಿನಲ್ಲಿದ್ದೇವೆ. ಶವೆಲ್ ನೈಟ್ ಬೆಂಕಿಯ ಪಕ್ಕದಲ್ಲಿ ಮಲಗಿದ್ದಾನೆ, ಅದೇ ಕನಸು. ಆಟದಲ್ಲಿ ಆ ಕನಸಿನೊಳಗೆ ಅವನು ಒಬ್ಬನೇ. ಇಲ್ಲಿ ಹೊರಗೆ ಉಳಿದ ಮೂವರೂ ಎಚ್ಚರವಾಗಿದ್ದಾರೆ. ನಿದ್ದೆಯಲ್ಲೇ ಅವನ ಕೈ ಬೀಳುವ ಯಾರನ್ನೋ ಹಿಡಿಯಲು ಮೇಲೇಳುತ್ತದೆ. ಆ ಕೈಯನ್ನು ಯಾರು ಹಿಡಿಯಬೇಕು ಎಂಬುದು ಮೂರು ವಾರದಿಂದ ತೀರ್ಮಾನವಾಗಿಲ್ಲ. ಮ್ಯಾಡೆಲಿನ್ ಎನ್ನುತ್ತಾನೆ ತಮ್ಮ. ಸ್ಯಾನ್ಸ್ ಜೇಬಿನಿಂದ ಕೈ ತೆಗೆಯಬೇಕಾದದ್ದು ಇಲ್ಲಿಯೇ ಎನ್ನುತ್ತಾಳೆ ಗೆಳತಿ. ನಾನು ಕೈ ಪೂರ್ತಿ ಮೇಲೇಳುವವರೆಗಿನ ಚಿತ್ರಗಳನ್ನು ಬರೆದು ಇಟ್ಟಿದ್ದೇನೆ.