ಪ್ರಶ್ನೆ ಕೇಳಿಸಿಕೊಳ್ಳುವಂತಹ ರೆಸ್ಯೂಮೆ: ನನ್ನ ಅನುಭವ

ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ರೆಸ್ಯೂಮೆಯ ನಮೂನೆಯೆಂದು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ವರ್ಡ್ ಫೈಲನ್ನು ಹಂಚಿತ್ತು. ಮೇಲೆ ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದು’ ಎಂಬ ಗುರಿ, ನಡುವೆ ಅಂಕಗಳ ಪಟ್ಟಿ, ಕೆಳಗೆ ತಂದೆಯ ಹೆಸರು, ಹುಟ್ಟಿದ ದಿನಾಂಕ, ಮದುವೆಯಾಗಿದೆಯೇ ಇಲ್ಲವೇ, ಹವ್ಯಾಸಗಳು, ಕೊನೆಗೆ ಇದೆಲ್ಲ ಸತ್ಯವೆಂಬ ಘೋಷಣೆ ಮತ್ತು ಸಹಿ. ನಕ್ಷತ್ರ, ಗೋತ್ರ ಸೇರಿಸಿದ್ದರೆ ಮದುವೆಯ ಬಯೋಡೇಟಾ ಆಗಿಬಿಡುತ್ತಿತ್ತು.

ನಾನು ಓದಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಕಾಲೇಜಿನಲ್ಲಿ, ಎಲೆಕ್ಟ್ರಾನಿಕ್ಸ್. ಬೇಕಾಗಿದ್ದದ್ದು ಸಾಫ್ಟ್‌ವೇರ್ ಕೆಲಸ. ಕ್ಯಾಂಪಸ್ಸಿಗೆ ಬರುವ ದೊಡ್ಡ ಕಂಪನಿಗಳಿಗೆ ಕಾಲೇಜಿನ ನಮೂನೆಯನ್ನೇ ಕೊಡಬೇಕಿತ್ತು, ಕೊಟ್ಟೆ. ಅಲ್ಲಿ ಮೊದಲ ಜರಡಿ ರೆಸ್ಯೂಮೆಯಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಇದೆಯೇ, ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇದೆಯೇ ಎಂದು ನೋಡಿ ಆನ್‌ಲೈನ್ ಪರೀಕ್ಷೆಗೆ ಕೂರಿಸುತ್ತಾರೆ. ರೆಸ್ಯೂಮೆಯ ಬೆಲೆ ತಿಳಿಯುವುದು ಕ್ಯಾಂಪಸ್ಸಿನ ಹೊರಗೆ ಅರ್ಜಿ ಹಾಕುವಾಗ. ಆ ದಾರಿಗೆಂದು ಇನ್ನೊಂದನ್ನು ಮೊದಲಿನಿಂದ ಬರೆದೆ, ಒಂದೇ ಪುಟದಲ್ಲಿ.

ಬರೆಯುವಾಗ ಒಂದೇ ಅಳತೆಗೋಲು ಇಟ್ಟುಕೊಂಡೆ: ಈ ಸಾಲನ್ನು ಓದಿದವರು ನನ್ನನ್ನು ಏನು ಕೇಳುತ್ತಾರೆ? ಪ್ರಶ್ನೆಯೇ ಹುಟ್ಟದ ಸಾಲು ಹೋಗಲಿ. ಹುಟ್ಟುವ ಪ್ರಶ್ನೆಗೆ ಐದು ನಿಮಿಷ ಮಾತಾಡಲು ಬಾರದ ಸಾಲೂ ಹೋಗಲಿ. ‘ಕಠಿಣ ಪರಿಶ್ರಮಿ’, ‘ಬೇಗ ಕಲಿಯುವ ಗುಣ’ ಮೊದಲನೆಯ ಲೆಕ್ಕದಲ್ಲಿ ಹೋದವು. ಒಂದು ಸೆಮಿಸ್ಟರ್ ಮುಟ್ಟಿ ಬಿಟ್ಟ ಜಾವಾ ಎರಡನೆಯ ಲೆಕ್ಕದಲ್ಲಿ ಹೋಯಿತು. ಕೌಶಲಗಳ ಸಾಲಿನಲ್ಲಿ ಉಳಿದದ್ದು ಪೈಥಾನ್, ಎಸ್‌ಕ್ಯೂಎಲ್, ಗಿಟ್, ಸಿ. ಪಟ್ಟಿ ಬಡವಾಗಿ ಕಾಣುತ್ತದೆ ಎಂದು ಗೆಳತಿಯರು ಹೇಳಿದರು. ಕಂಡರೆ ಕಾಣಲಿ ಎಂದುಕೊಂಡೆ.

ಪುಟದ ಅರ್ಧ ಭಾಗವನ್ನು ಪ್ರಾಜೆಕ್ಟುಗಳಿಗೆ ಬಿಟ್ಟೆ. ಅದರಲ್ಲಿ ಮುಖ್ಯವಾದದ್ದು ಅಡಿಕೆ ಧಾರಣೆಯದು. ಅಪ್ಪ ದಿನವೂ ಸಂಜೆ ಶಿವಮೊಗ್ಗ, ಸಾಗರದ ಧಾರಣೆ ತಿಳಿಯಲು ಮೂವರಿಗೆ ಫೋನ್ ಮಾಡುತ್ತಿದ್ದರು. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ದೇಶದ ಕೃಷಿ ಮಾರುಕಟ್ಟೆಗಳ ಅಂದಂದಿನ ಕನಿಷ್ಠ, ಗರಿಷ್ಠ ಮತ್ತು ಮಾದರಿ (ಹೆಚ್ಚಿನ ವಹಿವಾಟು ನಡೆದ) ಬೆಲೆ ಕ್ವಿಂಟಲ್ ಲೆಕ್ಕದಲ್ಲಿ ಸಿಗುತ್ತದೆ. ಪ್ರೋಗ್ರಾಂಗಳಿಗೆ ನೇರವಾಗಿ ದತ್ತಾಂಶ ಒದಗಿಸುವ ಎಪಿಐ ಎಂಬ ಕಿಂಡಿಯ ಮೂಲಕ ಅದನ್ನು ಎಳೆದು ತಂದು ಟೆಲಿಗ್ರಾಂನಲ್ಲಿ ಅಪ್ಪನಿಗೆ ಕಳಿಸುವ ಸಣ್ಣ ಪ್ರೋಗ್ರಾಂ ಅದು.

ಇದನ್ನು ರೆಸ್ಯೂಮೆಗೆ ಇಳಿಸುವಾಗ ಎಲ್ಲರಂತೆ ‘ಪೈಥಾನ್ ಬಳಸಿ ಅಡಿಕೆ ಬೆಲೆಯ ಅಪ್ಲಿಕೇಶನ್ ಅಭಿವೃದ್ಧಿಪಡಿಸಲಾಗಿದೆ’ ಎಂದು ಬರೆಯಬಹುದಿತ್ತು. ಅದನ್ನು ಓದಿದವರಿಗೆ ಕೇಳಲು ಏನೂ ಉಳಿಯುವುದಿಲ್ಲ. ಹಾಗಾಗಿ ಇಂಗ್ಲಿಷನ್ನು ಬದಿಗಿಟ್ಟು, ಅಪ್ಪನಿಗೆ ಹೇಗೆ ವಿವರಿಸಿದ್ದೆನೋ ಹಾಗೆಯೇ ಕನ್ನಡದಲ್ಲಿ ಕಾಗದದ ಮೇಲೆ ಬರೆದುಕೊಂಡೆ. ನಾನು ಬಳಸಿದ ಪಟ್ಟಿಯಲ್ಲಿ ಅಂದಿನ ಬೆಲೆ ಮಾತ್ರ ಇರುತ್ತದೆ, ನಿನ್ನೆಯದು ಬೇಕಾದರೆ ನಾವೇ ಕೂಡಿಡಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳು ಬೇರೆ ಬೇರೆ ದಾಖಲೆಗಳಾಗಿ ಬರುತ್ತವೆ. ಪ್ರೋಗ್ರಾಂ ಎರಡು ಸಲ ಓಡಿದರೆ ಅದೇ ದಾಖಲೆ ಎರಡು ಸಲ ಸೇರುತ್ತದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಭಾನುವಾರ ಮಾರುಕಟ್ಟೆ ರಜೆಯಲ್ಲವೇನೇ, ಅವತ್ತು ಏನು ತೋರಿಸುತ್ತದೆ?” ಒಳ್ಳೆಯ ಪ್ರಶ್ನೆ. ರಜೆಯ ದಿನ ಸೊನ್ನೆ ತೋರಿಸದೆ ಹಿಂದಿನ ಬೆಲೆಯನ್ನು ಅದರ ದಿನಾಂಕದೊಂದಿಗೇ ತೋರಿಸುವಂತೆ ಬದಲಾಯಿಸಿದೆ.

ಇಷ್ಟನ್ನೂ ಮೂರು ಸಾಲಿಗೆ ಇಳಿಸಿ ಇಂಗ್ಲಿಷಿಗೆ ತಂದೆ. ಅದರ ತಿರುಳು ಹೀಗಿತ್ತು: ‘ಸರ್ಕಾರಿ ಎಪಿಐಯಿಂದ ಪ್ರತಿ ಸಂಜೆ ಅಡಿಕೆ ಧಾರಣೆ ತಂದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಕೂಡಿಡುವ ಪೈಥಾನ್ ಪ್ರೋಗ್ರಾಂ. ಮಾರುಕಟ್ಟೆ, ಬಗೆ, ದಿನಾಂಕ ಸೇರಿಸಿದ ಕೀಲಿಯಿಂದ ದಾಖಲೆಗಳ ಪುನರಾವರ್ತನೆಗೆ ತಡೆ. ಮನೆಯವರು, ನೆರೆಯವರು ಟೆಲಿಗ್ರಾಂನಲ್ಲಿ ದಿನವೂ ಬಳಸುತ್ತಿದ್ದಾರೆ.’ ಕೀಲಿ ಎಂದರೆ ಒಂದೊಂದು ದಾಖಲೆಯನ್ನೂ ಬೇರೆಯಾಗಿ ಗುರುತಿಸುವ ಗುರುತು. ಪಕ್ಕದಲ್ಲಿ, ಕೋಡ್ ಇಟ್ಟಿದ್ದ ಗಿಟ್‌ಹಬ್ ತಾಣದ ಕೊಂಡಿ. ಕೊಂಡಿ ಕೊಡುವ ಮುನ್ನ ಅಲ್ಲಿ ರೀಡ್‌ಮಿ ಎಂಬ ಪರಿಚಯ ಟಿಪ್ಪಣಿ ಬರೆದು, ಪರದೆಯ ಚಿತ್ರ ಹಾಕಿ, ಎಪಿಐ ಬಳಸಲು ಬೇಕಾದ ಗುಪ್ತ ಸಂಕೇತವನ್ನು ಕೋಡಿನಿಂದ ಹೊರಗಿಟ್ಟಿದ್ದೆ. ಮುಂದೆ ನಡೆದ ಸಂದರ್ಶನಗಳಲ್ಲಿ ಹೆಚ್ಚು ಕಡಿಮೆ ಎಲ್ಲರೂ ಆ ಎರಡನೆಯ ಸಾಲನ್ನೇ ಹಿಡಿದರು: ಕೀಲಿಯಲ್ಲಿ ಬೆಲೆಯನ್ನೇಕೆ ಸೇರಿಸಲಿಲ್ಲ? ಸಂಜೆ ಬೆಲೆ ತಿದ್ದುಪಡಿಯಾದರೆ? ಡೇಟಾಬೇಸ್ ಕುರಿತ ಮಾತು ಹೀಗೆ ನನಗೆ ಗೊತ್ತಿದ್ದ ನೆಲದ ಮೇಲೇ ನಡೆಯಿತು.

ಕೊನೆಯ ವರ್ಷದ ಪ್ರಾಜೆಕ್ಟ್ ನಾಲ್ವರದು. ಮಣ್ಣಿನ ತೇವಾಂಶ ನೋಡಿ ಪಂಪ್ ಚಾಲೂ ಮಾಡುವ ಯಂತ್ರ, ಪ್ರತಿ ಕಾಲೇಜಿನಲ್ಲೂ ಒಂದಿರುತ್ತದೆ. ದುಡ್ಡು ಕೊಟ್ಟರೆ ಸಿದ್ಧ ರೂಪದಲ್ಲಿ ಮಾರುವ ಅಂಗಡಿಗಳೂ ಇರುವುದರಿಂದ ಸಂದರ್ಶಕರು ಇದನ್ನು ಅನುಮಾನದಿಂದಲೇ ನೋಡುತ್ತಾರೆ. ‘ನಾಲ್ವರ ತಂಡ, ನನ್ನ ಪಾಲು ಸೆನ್ಸರ್ ಓದುವ ಕೋಡ್’ ಎಂದು ಬರೆದು ಒಂದೇ ವಿವರ ಸೇರಿಸಿದೆ: ಸದಾ ವಿದ್ಯುತ್ ಹರಿಯುತ್ತಿದ್ದರೆ ಸೆನ್ಸರಿನ ಲೋಹದ ಕಡ್ಡಿಗಳು ಮಣ್ಣಿನಲ್ಲಿ ಬೇಗ ಸವೆಯುತ್ತವೆ, ಆದ್ದರಿಂದ ಓದುವ ಕ್ಷಣದಲ್ಲಿ ಮಾತ್ರ ವಿದ್ಯುತ್ ಕೊಡುವ ವ್ಯವಸ್ಥೆ. ಕೈಯಾರೆ ಮಾಡಿದವರಿಗೆ ಮಾತ್ರ ಗೊತ್ತಿರುವ ಇಂತಹ ಒಂದು ವಿವರ ನಾಲ್ಕು ಪ್ರಮಾಣಪತ್ರಗಳಿಗಿಂತ ಮೇಲು.

ಪ್ರಮಾಣಪತ್ರಗಳಲ್ಲಿ ಎನ್‌ಪಿಟಿಇಎಲ್‌ನ (ಐಐಟಿ ಮುಂತಾದ ಸಂಸ್ಥೆಗಳ ಆನ್‌ಲೈನ್ ಕೋರ್ಸುಗಳ ಯೋಜನೆ) ಒಂದನ್ನು ಅಂಕದೊಂದಿಗೆ ಉಳಿಸಿಕೊಂಡೆ, ಏಕೆಂದರೆ ಅದಕ್ಕೆ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆಯಬೇಕು. ವಿಡಿಯೋ ನೋಡಿ ಮುಗಿಸಿದವೆಲ್ಲ ಹೊರಗೆ. ಪದವಿಯ ಒಟ್ಟು ಸರಾಸರಿ ಗ್ರೇಡ್ ಅಂಕವಾದ ಸಿಜಿಪಿಎಯನ್ನು ಹತ್ತಕ್ಕೆ ಎಷ್ಟೆಂದು ಬರೆದೆ. ಶೇಕಡಾವಾರಿಗೆ ಇಳಿಸುವ ಸೂತ್ರ ವಿಟಿಯುವಿನ ಒಂದು ಪಠ್ಯಕ್ರಮದಿಂದ (ಸ್ಕೀಮ್) ಇನ್ನೊಂದಕ್ಕೆ ಬದಲಾಗಿರುವುದರಿಂದ ಕೇಳಿದಲ್ಲಿ ಮಾತ್ರ ಅದನ್ನು ಕೊಟ್ಟೆ. ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ, ಇನಿಷಿಯಲ್ ಸಮೇತ. ಆಧಾರ್ ಸಂಖ್ಯೆ, ಮನೆಯ ಪೂರ್ಣ ವಿಳಾಸ, ಫೋಟೊ ಯಾವುದೂ ಬೇಡ.

ಅಂದದ ವಿಷಯಕ್ಕೆ ಬಂದರೆ, ಎಡಗಡೆ ಬಣ್ಣದ ಪಟ್ಟಿ, ಕೌಶಲಕ್ಕೆ ಐದು ನಕ್ಷತ್ರಗಳಿರುವ ನಮೂನೆಗಳನ್ನು ಮುಟ್ಟಲಿಲ್ಲ. ಪೈಥಾನಿಗೆ ನಾಲ್ಕು ನಕ್ಷತ್ರ ಎಂದರೆ ಯಾರ ಅಳತೆಯಲ್ಲಿ ನಾಲ್ಕು? ಬಹಳ ಕಡೆ ರೆಸ್ಯೂಮೆಯನ್ನು ಮೊದಲು ಓದುವುದು ತಂತ್ರಾಂಶ. ಅದಕ್ಕೆ ಏನು ಕಾಣುತ್ತದೆ ಎಂದು ತಿಳಿಯಲು ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ದು, ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿ. ಗೆಳತಿಯೊಬ್ಬಳ ಎರಡು ಕಾಲಮ್ಮಿನ ಫೈಲಿನಲ್ಲಿ ಫೋನ್ ನಂಬರ್ ಪ್ರಾಜೆಕ್ಟಿನ ಮಧ್ಯೆ ಬಂದು ಕೂತಿತ್ತು. ನಾನು ಪುಟ ಜೋಡಿಸಲು ಲೇಟೆಕ್ಸ್ ಎಂಬ ತಂತ್ರಾಂಶ ಬಳಸಿದ್ದೆ. ಅದರ ಕೆಲವು ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷಿನ ಎಫ್ ಮತ್ತು ಐ ಒಂದಕ್ಕೊಂದು ಬೆಸೆದುಕೊಂಡು, ನಕಲಿಸಿದಾಗ ಆ ಜಾಗ ಖಾಲಿ ಬರುವುದುಂಟು. ಅದನ್ನೂ ಹೀಗೆಯೇ ಪರೀಕ್ಷಿಸಿಕೊಂಡೆ.

ಹುಡುಕಾಟದ ದಿನಗಳಲ್ಲಿ ಮಾಡದ ಕೆಲಸಕ್ಕೆ ‘ಎರಡು ವರ್ಷದ ಅನುಭವ ಪತ್ರ ಕೊಡಿಸುತ್ತೇವೆ’ ಎಂಬ ಕರೆಗಳೂ ಬರುತ್ತವೆ. ಹಿಂದೆ ಎಲ್ಲಿ ದುಡಿದಿದ್ದರು ಎಂದು ತಿಳಿಯಲು ಕಂಪನಿಗಳು ಭವಿಷ್ಯ ನಿಧಿಯ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ದಾಖಲೆಯನ್ನು ತೆಗೆಸಿ ನೋಡುವ ಕಾಲವಿದು; ಕೆಲಸ ಸಿಕ್ಕ ಮೇಲೆ ಆ ಸುಳ್ಳು ಬಯಲಾಗುತ್ತದೆ, ಅದೇ ಅದರ ದೊಡ್ಡ ಅಪಾಯ.

ಅರ್ಜಿ ಕಳಿಸುವಾಗ ಫೈಲಿಗೆ ನನ್ನ ಹೆಸರು ಮತ್ತು ಹುದ್ದೆಯ ಹೆಸರನ್ನೇ ಇಟ್ಟೆ. ಸಾಫ್ಟ್‌ವೇರ್ ಕಂಪನಿಗಳಿಗೆ ಧಾರಣೆಯ ಪ್ರಾಜೆಕ್ಟ್ ಮೇಲೆ, ಯಂತ್ರದೊಳಗಿನ ಚಿಪ್‌ಗಳಿಗೆ ಕೋಡ್ ಬರೆಯುವ ಎಂಬೆಡೆಡ್ ಕೆಲಸಗಳಿಗೆ ತೇವಾಂಶದ ಪ್ರಾಜೆಕ್ಟ್ ಮೇಲೆ. ಉಳಿದಂತೆ ಪುಟ ಅದೇ. ಪರಿಚಯದ ಸೀನಿಯರ್‌ಗಳಿಗೆ ಬರೆಯುವಾಗ “ಅಕ್ಕ, ಎಲ್ಲಾದರೂ ಕೆಲಸ ಇದ್ದರೆ ಹೇಳಿ” ಎನ್ನದೆ, ಅವರ ಕಂಪನಿಯ ತಾಣದಲ್ಲಿ ಖಾಲಿ ಇರುವ ಹುದ್ದೆಯ ಸಂಖ್ಯೆಯನ್ನೇ ಹುಡುಕಿ, ನಾಲ್ಕು ಸಾಲಿನ ಪತ್ರದೊಂದಿಗೆ ಕಳಿಸಿದೆ. ಅವರು ಅದನ್ನು ಹಾಗೆಯೇ ಮುಂದಕ್ಕೆ ದಾಟಿಸಿದರೆ ಸಾಕಾಗಿತ್ತು. ಈಗ ನಾನು ಮಾಡುತ್ತಿರುವ ಕೆಲಸ ಅಂತಹದೊಂದು ಪತ್ರದಿಂದಲೇ ಬಂದದ್ದು.