ಟೆಂಟ್ ಪಕ್ಕ ಒಂದೇ ಕುಕ್ಕರ್‌ನಲ್ಲಿ ಬಿಸಿಬೇಳೆಬಾತ್: ನಾನು ಮಾಡೋ ರೀತಿ

ಕ್ಯಾಂಪಿಂಗ್ ಅಂದ ತಕ್ಷಣ ತುಂಬಾ ಜನ ಮ್ಯಾಗಿ ಪ್ಯಾಕೆಟ್ಟು, ಬ್ರೆಡ್ಡು, ಚಿಪ್ಸು ತುಂಬ್ಕೊಂಡು ಹೊರಟುಬಿಡ್ತಾರೆ. ಮಧ್ಯಾಹ್ನದ ತಿಂಡಿಗಾದ್ರೆ ಸರಿ, ಆದ್ರೆ ಸಂಜೆ ಮಂಜಿಳಿದು ಕೈಕಾಲು ತಣ್ಣಗಾದ್ಮೇಲೆ ಹೊಟ್ಟೆ ಕೇಳೋದು ತುಪ್ಪ ಹಾಕಿದ ಬಿಸಿ ಅನ್ನಾನೇ. ನಾವು ಹಾಸನದವ್ರು, ಮೂಡಿಗೆರೆ ಕಡೆ ಪರಿಚಯದವ್ರ ಕಾಫಿ ತೋಟದಲ್ಲಿ ಟೆಂಟ್ ಹಾಕ್ತೀವಿ, ನಾಲ್ಕು ಜನ, ಒಂದು ಕಾರು, ಒಂದು ಐದು ಲೀಟರ್ ಕುಕ್ಕರ್ರು. ಬೇರೆ ಪಾತ್ರೆ ಒಯ್ಯಲ್ಲ. ಆ ಒಂದು ಕುಕ್ಕರ್‌ನಲ್ಲಿ ರಾತ್ರಿ ಬಿಸಿಬೇಳೆಬಾತ್, ಬೆಳಿಗ್ಗೆ ಉಪ್ಪಿಟ್ಟು, ಎರಡರ ಮಧ್ಯೆ ಕಾಫಿಗೆ ನೀರು, ಇಷ್ಟೂ ಆಗುತ್ತೆ. ಹೇಗೆ ಅಂತ ಸುಮಾರು ಜನ ಕೇಳಿದ್ರು, ಅದಕ್ಕೇ ವಿವರವಾಗಿ ಬರೀತಿದೀನಿ.

ಮುಕ್ಕಾಲು ಅಡುಗೆ ಮನೇಲೇ ಆಗೋಗಿರ್ಬೇಕು. ಟೆಂಟ್ ಹತ್ರ ಉಳಿಯೋದು ನೀರು ಮತ್ತೆ ಉರಿ, ಇವೆರಡೇ. ಯಾಕಂದ್ರೆ ಅಲ್ಲಿ ನೀರೂ ಲೆಕ್ಕ, ಗ್ಯಾಸೂ ಲೆಕ್ಕ, ಬೆಳಕಂತೂ ಆರೂವರೆಗೆಲ್ಲ ಹೋಗಿಬಿಡುತ್ತೆ, ಟಾರ್ಚ್ ಹಿಡ್ಕೊಂಡು ಈರುಳ್ಳಿ ಹೆಚ್ಚೋ ಕಷ್ಟ ಯಾರಿಗೂ ಬೇಡ.

ಅಕ್ಕಿ ನಾನು ಮನೇಲೇ ತೊಳೆದು ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ ಡಬ್ಬಿಗೆ ಹಾಕ್ತೀನಿ. ಅಲ್ಲಿ ತೊಳೆಯೋಕೆ ಎರಡು ಮೂರು ಲೀಟರ್ ನೀರು ಚೆಲ್ಲೋದು ತಪ್ಪುತ್ತೆ. ಸೋನಾ ಮಸೂರಿನೇ ಒಯ್ಯಿ, ಕುಚ್ಚಲಕ್ಕಿ ನಂಗೆ ತುಂಬಾ ಇಷ್ಟ ಆದ್ರೆ ಅದು ಬೇಯೋಷ್ಟರಲ್ಲಿ ಸ್ಟೌವ್‌ಗೆ ಹಾಕೋ ಗ್ಯಾಸ್ ಡಬ್ಬಿ (ಕ್ಯಾನಿಸ್ಟರ್) ಅರ್ಧ ಖಾಲಿ. ತೊಗರಿಬೇಳೆ ತೊಳೆದು ಸ್ಟೀಲ್ ಡಬ್ಬಿಗೆ ಹಾಕಿ ಅದರ ಎರಡರಷ್ಟು ನೀರು ಹಾಕಿ ಬಿಗಿ ಮುಚ್ಚಳ ಹಾಕ್ಬಿಡ್ತೀನಿ, ಹಾಸನ ಬಿಟ್ಟು ತೋಟ ಮುಟ್ಟಿ ಟೆಂಟ್ ಎಬ್ಬಿಸೋ ಹೊತ್ತಿಗೆ ಚೆನ್ನಾಗಿ ನೆಂದಿರುತ್ತೆ, ಆ ನೀರೂ ಕುಕ್ಕರ್‌ಗೇ ಹೋಗುತ್ತೆ. ಬೀನ್ಸು, ಕ್ಯಾರೆಟ್ಟು, ನವಿಲುಕೋಸು ತೊಳೆದು ನೀರಾರಿಸಿ ಹೆಚ್ಚಿ ಬಟ್ಟೇಲಿ ಸುತ್ತಿ ಡಬ್ಬಿಗೆ. ಆಲೂಗಡ್ಡೆ ಹೆಚ್ಚಿಟ್ರೆ ಕಪ್ಪಾಗುತ್ತೆ ಅದಕ್ಕೆ ಇಡಿಯಾಗೇ ಒಯ್ಯೋದು. ಹುಣಸೆಹಣ್ಣು ಕಿವುಚಿ ಗಟ್ಟಿ ರಸ ತೆಗೆದು ಬೆಲ್ಲ, ಉಪ್ಪು ಹಾಕಿ ಕುದಿಸಿ ಸಣ್ಣ ಬಾಟಲಿಗೆ ತುಂಬಿಸಿದ್ರೆ ಒಂದು ರಾತ್ರಿಗೆ ಏನೂ ಆಗಲ್ಲ.

ಪುಡಿ ಬಗ್ಗೆ ಒಂದು ಮಾತು. ಕಡ್ಲೆಬೇಳೆ, ಉದ್ದಿನಬೇಳೆ, ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಗಸಗಸೆ, ಇದಿಷ್ಟನ್ನೂ ಬೇರೆ ಬೇರೆ ಹುರಿದು ಕೊನೇಲಿ ಒಣ ಕೊಬ್ಬರಿ ಸೇರಿಸಿ ಪುಡಿ ಮಾಡ್ತೀನಿ. ಹಸಿ ಕಾಯಿ ಹಾಕಬಾರ್ದು, ಕಾರಿನ ಬಿಸಿಗೆ ಸಂಜೆ ಹೊತ್ತಿಗೆ ಮುಗ್ಗಲು ವಾಸನೆ ಬಂದುಬಿಡುತ್ತೆ. ಕಡ್ಲೆಕಾಯಿ ಬೀಜ, ಗೋಡಂಬಿ ಮನೇಲೇ ತುಪ್ಪದಲ್ಲಿ ಹುರಿದು ಬೇರೆ ಪೊಟ್ಟಣ.

ಈಗ ಟೆಂಟ್ ಹತ್ರ. ನಾಲ್ಕು ಜನಕ್ಕೆ ಒಂದೂವರೆ ಲೋಟ ಅಕ್ಕಿ, ಮುಕ್ಕಾಲು ಲೋಟ ಬೇಳೆ, ನೆನೆಸಿದ ನೀರೂ ಸೇರಿ ಏಳೂವರೆ ಲೋಟ ನೀರು, ಲೋಟ ಅಂದ್ರೆ 200 ಮಿಲಿ. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರ್ದು, ಅನ್ನ ಬೇಳೆ ಉಕ್ಕಿ ವೆಂಟ್ ಕಟ್ಕೊಳ್ಳುತ್ತೆ. ಎರಡು ಚಮಚ ತುಪ್ಪ ಕಾದ ಮೇಲೆ ಸಾಸಿವೆ, ಇಂಗು, ಕರಿಬೇವು, ಆಮೇಲೆ ತರಕಾರಿ ಹಾಕಿ ಎರಡು ನಿಮಿಷ ಬಾಡಿಸಿ, ಬೇಳೆ, ಅಕ್ಕಿ, ಅರಿಶಿನ, ನೀರು. ಮನೇಲಿ ಒಗ್ಗರಣೆ ಕೊನೇಲಿ ಹಾಕ್ತೀವಲ್ಲ, ಇಲ್ಲಿ ಬೇರೆ ಬಾಣಲೆ ಇಲ್ಲದ್ರಿಂದ ಅದೇ ಮೊದಲು.

ಹುಣಸೆ ರಸ ಮಾತ್ರ ಈಗ ಹಾಕಲೇಬಾರ್ದು. ಹುಳಿ ಬಿದ್ರೆ ಬೇಳೆ ಬೇಯೋದೇ ಇಲ್ಲ, ಎಷ್ಟು ಕೂಗಿಸಿದ್ರೂ ಕಾಳು ಕಾಳಾಗೇ ನಿಲ್ಲುತ್ತೆ. ಟೊಮ್ಯಾಟೋನೂ ಅಷ್ಟೇ, ನಾನು ಆಮೇಲೇ ಹಾಕೋದು.

ಎರಡು ಕೂಗು ಬಂದ ತಕ್ಷಣ ಗ್ಯಾಸ್ ಆಫ್. ಕುಕ್ಕರ್ ಎತ್ತಿ ಒಲೆಯಿಂದ ದೂರ ನೆಲದ ಮೇಲಿಟ್ಟು ಹಳೇ ಕಂಬಳೀಲಿ ಸುತ್ತಲೂ ಬಿಗಿಯಾಗಿ ಸುತ್ತಿಬಿಡ್ತೀನಿ, ಇಪ್ಪತ್ತೈದು ನಿಮಿಷ ಮುಟ್ಟಲ್ಲ. ಒಳಗಿನ ಬಿಸಿ ಹೊರಗೆ ಹೋಗದೆ ಅದರಲ್ಲೇ ಮಿಕ್ಕಿದ್ದು ಬೇಯುತ್ತೆ. ಇದು ನಾನು ಮಾಡೋದ್ರಲ್ಲೆಲ್ಲ ದೊಡ್ಡ ಉಳಿತಾಯ, ಮನೇಲಿ ನಾಲ್ಕು ಕೂಗು ಹಾಕಿಸೋ ಜಾಗದಲ್ಲಿ ಇಲ್ಲಿ ಎರಡು ಸಾಕು. ಉಣ್ಣೆ ಕಂಬಳಿನೇ ಆಗ್ಬೇಕು, ಸ್ಲೀಪಿಂಗ್ ಬ್ಯಾಗಿನ ನೈಲಾನ್ ಬಟ್ಟೆ ಬಿಸಿ ಕುಕ್ಕರ್‌ಗೆ ತಾಗಿದ್ರೆ ಹಾಳಾಗಬಹುದು. ಪ್ರೆಷರ್ ತಾನಾಗೇ ಇಳಿದ ಮೇಲೆ ಮುಚ್ಚಳ ತೆಗೆದು ಹುಣಸೆ ರಸ, ಟೊಮ್ಯಾಟೋ, ನೀರಲ್ಲಿ ಕಲಸಿದ ಪುಡಿ ಹಾಕಿ ಸಣ್ಣ ಉರೀಲಿ ತಳ ಹಿಡಿಯದ ಹಾಗೆ ತಿರುಗಿಸ್ತಾ ಏಳೆಂಟು ನಿಮಿಷ ಕುದಿಸೋದು. ಕೊನೇಗೆ ಕಡ್ಲೆಕಾಯಿ ಬೀಜ, ಗೋಡಂಬಿ, ಮೇಲೆ ತುಪ್ಪ. ನೆಂಚ್ಕೊಳ್ಳೋಕೆ ಖಾರ ಬೂಂದಿ, ಮನೇಲಿ ಕರಿದು ತಂದ ಮಜ್ಜಿಗೆ ಮೆಣಸಿನಕಾಯಿ.

ಕುಕ್ಕರ್ ಯಾಕೆ, ಸುಮ್ನೆ ಒಂದು ಪಾತ್ರೆ ಸಾಕಲ್ವಾ ಅಂತ ಕೇಳ್ತಾರೆ. ಮೇಲೆ ಹೋದಷ್ಟೂ ನೀರು ಕಮ್ಮಿ ಬಿಸಿಗೇ ಕುದಿಯುತ್ತೆ, ಅಂದಾಜು 300 ಮೀಟರ್‌ಗೆ ಒಂದು ಡಿಗ್ರಿ. ಮೂಡಿಗೆರೆ ಸುತ್ತ ಸಾವಿರ ಮೀಟರ್ ಹತ್ತಿರ ಅಲ್ವಾ, ಅಲ್ಲಿ 97 ಡಿಗ್ರಿ ಆಸುಪಾಸು. 1930 ಮೀಟರ್ ಇರೋ ಮುಳ್ಳಯ್ಯನಗಿರಿ ಎತ್ತರಕ್ಕೆ 94ರ ಹತ್ರ ಬರುತ್ತೆ. ತೆರೆದ ಪಾತ್ರೇಲಿ ನೀರು ಕುದೀತಾನೇ ಇರುತ್ತೆ ಆದ್ರೆ ಬೇಳೆ ಬೆಂದಿರಲ್ಲ. ಕುಕ್ಕರ್ ಒಳಗೆ 115-120 ಡಿಗ್ರಿವರೆಗೂ ಏರುತ್ತೆ, ಬೆಟ್ಟದ ಕಡೆ ಹೋಗೋರಿಗೆ ಅದು ಬೇಕೇ ಬೇಕು. ನಡ್ಕೊಂಡು ಹೋಗೋರಾದ್ರೆ ಕುಕ್ಕರ್ ಭಾರ ನಿಜ, ಅಂಥವ್ರು ತೊಗರಿ ಬಿಟ್ಟು ಹೆಸರುಬೇಳೆ ಒಯ್ಯಿರಿ, ಹುರಿದ ಹೆಸರುಬೇಳೆ ಮುಚ್ಚಿದ ಪಾತ್ರೇಲೂ ಬೇಗ ಬೇಯುತ್ತೆ. ಜೀರಿಗೆ, ಮೆಣಸು, ಶುಂಠಿ, ತುಪ್ಪ ಹಾಕಿದ ಖಾರ ಹುಗ್ಗಿ ಮಳೇಲಿ ನೆಂದು ಬಂದೋರಿಗೆ ಬಿಸಿಬೇಳೆಬಾತ್‌ಗಿಂತ ಒಂದು ಕೈ ಮೇಲೆ ಅಂತಲೇ ನನ್ನ ಅಭಿಪ್ರಾಯ.

ಒಲೆ ವಿಷಯಕ್ಕೆ ಬರ್ತೀನಿ. ಸೌದೆ ಒಲೇಲಿ ಮಾಡಿದ ಅಡುಗೆ ರುಚಿನೇ ಬೇರೆ, ಒಪ್ತೀನಿ, ಆದ್ರೆ ಕಾಡಲ್ಲಿ ಬೆಂಕಿ ಹಾಕೋ ಹಾಗಿಲ್ಲ, ರಿಸರ್ವ್ ಫಾರೆಸ್ಟ್‌ನಲ್ಲಿ ಅದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ, ಮತ್ತೆ ಜನವರಿಯಿಂದ ಮೇವರೆಗೆ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು ಇಡೀ ಗುಡ್ಡ ಹೋಗುತ್ತೆ. ತೋಟದಲ್ಲೂ ಮಾಲೀಕರು ತೋರಿಸಿದ ಜಾಗದಲ್ಲಿ, ಅವರು ಹ್ಞೂಂ ಅಂದ್ರೆ ಮಾತ್ರ ಮೂರು ಕಲ್ಲು ಇಟ್ಟು ಒಲೆ ಹೂಡೋದು. ಹಾಗೆ ಹೂಡಿದ್ರೆ ನಮ್ಮತ್ತೆ ಹೇಳಿಕೊಟ್ಟಿದ್ದು ಒಂದಿದೆ, ಕುಕ್ಕರ್ ತಳಕ್ಕೆ, ಸುತ್ತ ಬೂದಿನ ನೀರಲ್ಲಿ ಕಲಸಿ ಬಳಿದುಬಿಡಿ. ಮಸಿ ಬೂದಿ ಮೇಲೆ ಕೂರುತ್ತೆ, ಆಮೇಲೆ ಒಂದು ಸಲ ಒರೆಸಿದ್ರೆ ಎರಡೂ ಒಟ್ಟಿಗೇ ಬರುತ್ತೆ, ಉಜ್ಜೋ ಕೆಲಸನೇ ಇಲ್ಲ.

ನಾವು ಜಾಸ್ತಿ ಬಳಸೋದು ಉದ್ದ ಡಬ್ಬಿಯ ಬ್ಯುಟೇನ್ ಕ್ಯಾನಿಸ್ಟರ್ ಹಾಕೋ ಸ್ಟೌವ್. ದೊಡ್ಡ ಉರೀಲಿಟ್ರೆ ಒಂದು ಕ್ಯಾನಿಸ್ಟರ್ ಸುಮಾರು ಒಂದೂವರೆ ಗಂಟೆ ಬರುತ್ತೆ, ಒಂದು ರಾತ್ರಿಗೆ ಎರಡು ಒಯ್ದರೆ ಧೈರ್ಯ. ಗಾಳಿ ಇದ್ರೆ ಅರ್ಧ ಶಾಖ ಹೊರಗೇ ಹೋಗುತ್ತೆ, ಕಾರು ಅಡ್ಡ ನಿಲ್ಲಿಸಿ ಅದರ ಮರೇಲಿ ಇಟ್ಕೊತೀವಿ. ಹಾಗಂತ ಈ ಸ್ಟೌವ್ ಸುತ್ತ ಕಲ್ಲು ಜೋಡಿಸಿ ಪೂರ್ತಿ ಮುಚ್ಚಬೇಡಿ, ಕ್ಯಾನಿಸ್ಟರ್ ಮೇಲೆ ಚಾಚ್ಕೊಳ್ಳೋ ಅಷ್ಟು ಅಗಲದ ಪಾತ್ರೇನೂ ಇಡಬೇಡಿ, ಶಾಖ ಕ್ಯಾನಿಸ್ಟರ್‌ಗೇ ವಾಪಸ್ ಬಂದು ಅದು ಸಿಡಿಯೋ ಅಪಾಯ ಇದೆ. ಡಿಸೆಂಬರ್ ಬೆಳಿಗ್ಗೆ ಚಳೀಲಿ ಉರಿ ಸಣ್ಣಗಾದ್ರೆ ಗ್ಯಾಸ್ ಖಾಲಿ ಅಂತ ಎಸೆಯಬೇಡಿ, ತಣ್ಣಗಿದ್ರೆ ಬ್ಯುಟೇನ್ ಸರಿಯಾಗಿ ಆವಿಯಾಗಲ್ಲ. ತೆಗೆದು ಎರಡು ಕೈಯಲ್ಲಿ ಶಾಲಿನೊಳಗೆ ಸ್ವಲ್ಪ ಹೊತ್ತು ಹಿಡ್ಕೊಂಡ್ರೆ ಸಾಕು, ಬೆಂಕಿ ಹತ್ರ ಹಿಡಿದು ಬಿಸಿ ಮಾಡೋದು ಬೇಡವೇ ಬೇಡ.

ಇನ್ನೊಂದು ವಿಷಯ ನಾನು ಎಲ್ರಿಗೂ ಕೈ ಮುಗಿದು ಹೇಳೋದು. ಮಳೆ ಬಂತು ಅಂತ ಟೆಂಟ್ ಒಳಗೆ ಸ್ಟೌವ್ ಹಚ್ಚಬೇಡಿ, ಚಳಿ ಅಂತ ಕೆಂಡ ಒಳಗೆ ಇಟ್ಕೊಂಡು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ನಿದ್ದೇಲೇ ಪ್ರಾಣ ಹೋಗುತ್ತೆ. ಮಳೆ ನಿಲ್ಲೋವರೆಗೆ ಗೊಜ್ಜವಲಕ್ಕಿ ತಿನ್ನಿ, ಅದಕ್ಕೆ ಉರಿನೇ ಬೇಡ, ನಾನು ಯಾವಾಗ್ಲೂ ಒಂದು ಡಬ್ಬಿ ಅದಕ್ಕಂತಲೇ ಇಟ್ಟಿರ್ತೀನಿ.

ನೀರು 20 ಲೀಟರ್ ಕ್ಯಾನ್ ಒಂದು ಮನೆಯಿಂದ್ಲೇ. ತೋಟದ ಪಕ್ಕ ಹಳ್ಳ ಎಷ್ಟೇ ತಿಳಿಯಾಗಿ ಹರೀತಿದ್ರೂ ಅಡುಗೆಗೆ ತಗೊಳ್ಳಲ್ಲ. ಕುದಿಸಿದ್ರೆ ಕ್ರಿಮಿ ಸಾಯುತ್ತೆ ನಿಜ, ಆದ್ರೆ ಕಾಫಿಗೆ ಮೆಣಸಿಗೆ ಮೈಲುತುತ್ತ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ, ಇನ್ನೂ ಬೇರೆ ಔಷಧಿ ಹೊಡೀತಾರೆ, ಕುದಿಸಿದ್ರೆ ಅದೇನೂ ಹೋಗಲ್ಲ. ತಟ್ಟೆಗೆ ಅಡಿಕೆ ಹಾಳೆ, ಹಾಗಾಗಿ ತೊಳೆಯೋದು ಕುಕ್ಕರ್, ಸೌಟು, ಲೋಟ ಅಷ್ಟೇ. ಊಟ ಆದ್ಮೇಲೆ ಕುಕ್ಕರ್‌ಗೆ ಒಂದು ಲೋಟ ನೀರು ಹಾಕಿ ಬಿಸಿ ಮಾಡಿ ಕೆರೆದ್ರೆ ತಳದ್ದೆಲ್ಲ ಬಿಡುತ್ತೆ, ಆ ನೀರು ಹಳ್ಳಕ್ಕೆ ಚೆಲ್ಲದೆ ದೂರ ಸಣ್ಣ ಗುಂಡಿ ತೋಡಿ ಹಾಕಿ ಮಣ್ಣು ಮುಚ್ಚೋದು. ಮಿಕ್ಕ ಊಟದ ಸಾಮಾನೆಲ್ಲ ರಾತ್ರಿ ಕಾರಿನೊಳಗೆ, ಟೆಂಟ್‌ನಲ್ಲಿ ಒಂದು ಚೂರು ಬೆಲ್ಲನೂ ಇಟ್ಕೊಳ್ಳಲ್ಲ. ಇರುವೆ, ಕೋತಿ ಕಾಟ ಒಂದು ಕಡೆ, ಸಕಲೇಶಪುರ ಮೂಡಿಗೆರೆ ಕಡೆ ಆನೆ ಓಡಾಡುತ್ತೆ, ಅದಕ್ಕೆ ಹಲಸಿನಹಣ್ಣು, ಉಪ್ಪು, ಅಕ್ಕಿ ವಾಸನೆ ಬೇಗ ಗೊತ್ತಾಗುತ್ತೆ. ಆನೆ ಬಂದಿರೋ ಸುದ್ದಿ ಇದ್ರೆ ಅವತ್ತು ಟೆಂಟೇ ಹಾಕಬೇಡಿ, ಊರವ್ರನ್ನ ಕೇಳ್ಕೊಂಡೇ ಇಳೀರಿ.

ಬೆಳಿಗ್ಗೆದು ಬಲು ಸುಲಭ. ಬನ್ಸಿ ರವೆನ ಮನೇಲೇ ಎಣ್ಣೆ, ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ ಜೊತೆ ಘಮ್ಮನ್ನೋವರೆಗೂ ಹುರಿದು ಉಪ್ಪು ಸೇರಿಸಿ ಪೂರ್ತಿ ಆರಿಸಿ ಡಬ್ಬಿಗೆ ಹಾಕಿರ್ತೀನಿ, ಬಿಸಿ ಇರೋವಾಗ ಮುಚ್ಚಿದ್ರೆ ಬೆವೆತು ಗಂಟಾಗುತ್ತೆ. ಅದೇ ಕುಕ್ಕರ್‌ನಲ್ಲಿ ಒಂದು ಲೋಟ ರವೆಗೆ ಮೂರು ಲೋಟ ನೀರು ಕುದಿಸಿ, ಅದರಲ್ಲೇ ಮೊದಲು ಕಾಫಿಗೆ ಬೇಕಾದಷ್ಟು ಬಿಸಿನೀರು ಹೆಚ್ಚಿಗೆ ಇಟ್ಟು ತೆಗೆದುಕೊಂಡು, ಉಳಿದಿದ್ದಕ್ಕೆ ರವೆ ಸುರಿದು ತಿರುಗಿಸಿ ಮುಚ್ಚಿ ಐದು ನಿಮಿಷ. ಮುಚ್ಚೋವಾಗ ಮುಚ್ಚಳದ ಮೇಲೆ ವೆಯ್ಟ್ ಹಾಕಲ್ಲ, ಸುಮ್ನೆ ಮೇಲಿಟ್ರೆ ಸಾಕು. ಡಿಕಾಕ್ಷನ್ ಮನೆಯಿಂದ ಬಾಟಲೀಲಿ ಬಂದಿರುತ್ತೆ, ಹಾಲಿನ ಪುಡಿ ಬಿಸಿನೀರಲ್ಲಿ ಕದಡಿ ಬೆರೆಸಿದ್ರೆ ಕಾಫಿ.

ಹೊರಡೋ ಮುಂಚೆ ಕುಕ್ಕರ್ ಗ್ಯಾಸ್ಕೆಟ್ ಒಂದು ಹೆಚ್ಚಿಗೆ, ವೆಯ್ಟ್ ಇದೆಯಾ ಅಂತ ಒಂದು ಸಲ, ಬೆಂಕಿಪೊಟ್ಟಣ ಒಣ ಬಾಟಲಿಯೊಳಗೆ, ಇವು ಮೂರು ನೋಡ್ಕೊಳ್ಳಿ, ಮಲೆನಾಡಿನ ಒಳಗೆ ಹೋದ್ಮೇಲೆ ನಿಮ್ಮ ಸೈಜಿನ ಗ್ಯಾಸ್ಕೆಟ್ ಸಿಗೋ ಅಂಗಡಿ ಹುಡುಕೋಕೆ ಮತ್ತೆ ಪೇಟೆವರೆಗೂ ವಾಪಸ್ ಬರಬೇಕಾಗುತ್ತೆ.