ಪೆಡಲ್ ಮೆತ್ತಗಿದೆಯೇ? ಆಯಿಲ್ ಬಾಟಲಿ ಕೆಳಗಿಡಿ

ಅಕ್ಕನ ಮಗ ಮತ್ತು ಅವನ ಗೆಳೆಯರು ಹೆಸರಘಟ್ಟದ ಕಡೆ ಒಂದು ಶೀಟಿನ ಶೆಡ್ಡಿನಲ್ಲಿ ಬಗ್ಗಿ ಅನ್ನುವ ಸಣ್ಣ ಗಾಡಿ ಕಟ್ಟುತ್ತಿದ್ದಾರೆ. ಪೈಪು ವೆಲ್ಡ್ ಮಾಡಿದ ಚಾಸಿ, ಮಾರುತಿ 800ರ ಎಂಜಿನ್ನು, ಬ್ರೇಕೂ ಅದರದೇ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಒಂದು ದಿನ ಫೋನ್ ಮಾಡಿ, "ಮಾಮ, ಬ್ರೇಕ್ ಪೆಡಲ್ ಸ್ಪಂಜಿನ ಥರ ಇದೆ. ಎಷ್ಟು ಏರ್ ತೆಗೆದರೂ ಸರಿ ಹೋಗ್ತಿಲ್ಲ" ಅಂದ. ಹೋಗಿ ನೋಡಿದರೆ ಮೂಲೆಯಲ್ಲಿ ಬ್ರೇಕ್ ಆಯಿಲಿನ ಐದು ಖಾಲಿ ಬಾಟಲಿ. ಗಾಡಿಗೆ ಒಂದು ಸುತ್ತು ಹಾಕಿ ಮುಂದಿನ ಚಕ್ರದ ಪಕ್ಕ ಬಗ್ಗಿದೆ. ನಗು ಬಂತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮನೆಯಲ್ಲಿ ಗಾಡಿ ಕಟ್ಟುವವರೆಲ್ಲ ಮಾಡುವ ತಪ್ಪು ಇದೇ. ಪೆಡಲ್ ಮೆತ್ತಗಾದರೆ ಬ್ರೇಕ್ ಪೈಪಿನ ಆಯಿಲಿನಲ್ಲಿ ಏರ್, ಅಂದರೆ ಗಾಳಿ, ಹಿಡಿದಿದೆ ಅಂತ ಅವರೇ ತೀರ್ಮಾನ ಮಾಡಿ ಸುಮ್ನೆ ಆಯಿಲ್ ಸುರಿಯುತ್ತಾರೆ. ಕಂಪನಿ ಗಾಡಿಯಲ್ಲಾದರೆ ಎಲ್ಲ ಭಾಗವೂ ಇರಬೇಕಾದ ಜಾಗದಲ್ಲೇ ಇರುತ್ತದೆ. ನಿಮ್ಮ ಗಾಡಿಯಲ್ಲಿ ಅದನ್ನು ಇಟ್ಟವರು ನೀವು. ಅನುಮಾನ ಅಲ್ಲಿಂದಲೇ ಶುರುವಾಗಲಿ.

ಮೊದಲು ಕಾಲಿನಿಂದ ಕೇಳಿ

ಎಂಜಿನ್ ಆಫ್ ಇರಲಿ. ಪೆಡಲನ್ನು ಒಮ್ಮೆ ನಿಧಾನವಾಗಿ ಒತ್ತಿ, ಬಿಟ್ಟು, ತಕ್ಷಣ ಮತ್ತೆ ಒತ್ತಿ. ಕೊನೆಯವರೆಗೂ ಸ್ಪ್ರಿಂಗಿನ ಹಾಗೆ ಪುಟಿಯುತ್ತಿದ್ದರೆ ಒಳಗೆ ಗಾಳಿ ಇರಬಹುದು, ಅಥವಾ ಏನೋ ಬಾಗುತ್ತಿರಬಹುದು. ಮೊದಲ ಸಲ ಆಳಕ್ಕೆ ಹೋಗಿ ಎರಡನೇ ಸಲ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿನಿಂದ ದೂರ ಇದೆ, ಇಲ್ಲವೇ ಡಿಸ್ಕು ಅಲುಗಾಡಿ ಅದನ್ನು ಹಿಡಿಯುವ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಲೀಕ್ ಇದೆ ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಶೂ ವಿಷಯ ಪರೀಕ್ಷಿಸುವುದು ಸುಲಭ. ಹ್ಯಾಂಡ್ ಬ್ರೇಕನ್ನು ಅರ್ಧ ಎಳೆದು ಪೆಡಲ್ ಒತ್ತಿ. ಪೆಡಲ್ ಮೇಲೆ ಬಂದರೆ ಹಿಂದಿನ ಶೂ ಅಡ್ಜಸ್ಟ್ ಮಾಡಿ. ಚಕ್ರ ತಿರುಗಿಸಿದಾಗ ಸಣ್ಣಗೆ ಉಜ್ಜುವ ತನಕ ಬಿಗಿ ಮಾಡಿ, ಒಂದು ಚೂರು ಸಡಿಲಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮಾಸ್ಟರ್ ಸಿಲಿಂಡರನ್ನು ಬೇರೆ ಮಾಡಿ

ಹಳೆಯ ಬ್ರೇಕ್ ಪೈಪನ್ನು ನಟ್ಟಿನಿಂದ ಎರಡಿಂಚು ಬಿಟ್ಟು ಕತ್ತರಿಸಿ, ತುದಿಯನ್ನು ಚಪ್ಪಟೆ ಮಾಡಿ ಬ್ರೇಜಿಂಗ್ ಹಾಕಿಸಿ. ಇಂಥ ಎರಡು ತುಂಡು ಇದ್ದರೆ ಸಾಕು. ಚಕ್ರಕ್ಕೆ ಹೋಗುವ ಪೈಪುಗಳನ್ನು ಬಿಚ್ಚಿ ಮಾಸ್ಟರಿನ ಬಾಯಿಗೆ ಇವನ್ನು ಬಿಗಿಯಿರಿ. ಒಳಗಿನ ಗಾಳಿ ತೆಗೆದು ಪೆಡಲ್ ಒತ್ತಿ. ಕಲ್ಲಿನ ಹಾಗೆ ನಿಲ್ಲಬೇಕು. ನಿಂತರೆ ಮಾಸ್ಟರ್ ಚೆನ್ನಾಗಿದೆ, ತೊಂದರೆ ಮುಂದೆ ಎಲ್ಲೋ ಇದೆ. ನಿಲ್ಲದಿದ್ದರೆ ನಾಲ್ಕು ಚಕ್ರದಲ್ಲಿ ಏನು ಮಾಡಿದರೂ ವ್ಯರ್ಥ. ಕೆಲವರು ಚಕ್ರದ ಹತ್ತಿರದ ರಬ್ಬರ್ ಹೋಸನ್ನು ಬರಿಯ ವೈಸ್ ಗ್ರಿಪ್ಪಿನಲ್ಲಿ ಹಿಡಿದು ಪರೀಕ್ಷೆ ಮಾಡುತ್ತಾರೆ. ಹೋಸಿನ ಒಳಪದರ ಹರಿಯುತ್ತದೆ. ನಾನಂತೂ ಮಾಡುವುದಿಲ್ಲ.

ಗುಜರಿಯಿಂದ ತಂದ ಮಾಸ್ಟರ್ ಆದರೆ ಇನ್ನೊಂದು ಎಚ್ಚರ. ಅದರ ಪಿಸ್ಟನ್ ವರ್ಷಗಟ್ಟಲೆ ಅರ್ಧ ದೂರ ಮಾತ್ರ ಓಡಿರುತ್ತದೆ. ಆಚೆಯ ಭಾಗದಲ್ಲಿ ತುಕ್ಕು ಇರುತ್ತದೆ. ಏರ್ ತೆಗೆಯುವಾಗ ಪೆಡಲನ್ನು ನೆಲ ಮುಟ್ಟಿಸಿದರೆ ರಬ್ಬರ್ ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡಬೇಡಿ. ಮಾಸ್ಟರ್ ಸಿಲಿಂಡರ್ ಮಾತ್ರ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿನಲ್ಲಿ ಹೊಸದು ಕೊಳ್ಳಿ. ಉಳಿದದ್ದು ಬೇಕಾದರೆ ಹಳೆಯದು ಹಾಕಿ.

ನಿಪ್ಪಲ್ ಎಲ್ಲಿದೆ ನೋಡಿ

ಈಗ ನನ್ನ ನಗುವಿನ ಕಾರಣ. ಹುಡುಗರು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರುಗಳಲ್ಲಿ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದ್ದರು. ಬೋಲ್ಟು ಕೂತುಕೊಳ್ಳುತ್ತದೆ, ಪ್ಯಾಡು ಕೂತುಕೊಳ್ಳುತ್ತದೆ, ಬ್ರೇಕೂ ಹಿಡಿಯುತ್ತದೆ. ಆದರೆ ಏರ್ ತೆಗೆಯುವ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಯಾವತ್ತೂ ಮೇಲೆಯೇ ಕೂರುತ್ತದೆ. ನೀವು ಕೆಳಗಿನ ತೂತಿನಿಂದ ಹೊಸ ಆಯಿಲನ್ನೇ ಚೆಲ್ಲುತ್ತಿರುತ್ತೀರಿ. ಐದು ಬಾಟಲಿ ಯಾಕೆ, ಐವತ್ತು ಸುರಿದರೂ ಮೇಲಿನ ಗುಳ್ಳೆ ಅಲುಗುವುದಿಲ್ಲ.

ನಿಪ್ಪಲ್ ಕ್ಯಾಲಿಪರಿನ ಅತಿ ಎತ್ತರದ ಜಾಗದಲ್ಲಿರಬೇಕು. ಹತ್ತು ಗಂಟೆಯ ಕಡೆ ವಾಲಿದ್ದರೂ ಮೇಲಿನ ಮೂಲೆಯಲ್ಲಿ ಸ್ವಲ್ಪ ಗಾಳಿ ಉಳಿಯುತ್ತದೆ. ಎಡ ಬಲ ಅದಲುಬದಲು ಮಾಡುವುದೇ ಸರಿ. ಬ್ರಾಕೆಟ್ ನೀವೇ ಮಾಡಿದ್ದು, ತಿರುಗಿಸಲು ಆಗುವುದಿಲ್ಲ ಅಂತಾದರೆ ಕ್ಯಾಲಿಪರ್ ಬಿಚ್ಚಿ, ಹೋಸ್ ಹಾಗೇ ಇರಲಿ, ನಿಪ್ಪಲ್ ಆಕಾಶ ನೋಡುವ ಹಾಗೆ ಕೈಯಲ್ಲಿ ಹಿಡಿಯಿರಿ. ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇರಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಹೊರಗೆ ಹಾರುತ್ತದೆ. ಮರದ ಹಿಡಿಯಿಂದ ಕ್ಯಾಲಿಪರನ್ನು ಮೆಲ್ಲಗೆ ತಟ್ಟುತ್ತಾ ಏರ್ ತೆಗೆಯಿರಿ. ತಟ್ಟಿದಾಗ ಪೈಪಿನಲ್ಲಿ ದೊಡ್ಡ ಗುಳ್ಳೆಯೊಂದು ಬರುತ್ತದಲ್ಲ, ಆ ಕ್ಷಣಕ್ಕೆ ನಾಲ್ಕೂ ಹುಡುಗರು ಒಟ್ಟಿಗೆ "ಓ!" ಅಂದರು.

ಇದೇ ಕಾರಣಕ್ಕೆ ಬ್ರೇಕ್ ಪೈಪನ್ನೂ ನೋಡಿ. ಚಾಸಿ ಪೈಪಿನ ಮೇಲೆ ಹತ್ತಿ ಇಳಿಯುವ ಬಾಗು ಇದ್ದರೆ ಅದರ ನೆತ್ತಿಯಲ್ಲಿ ಗಾಳಿ ನಿಲ್ಲುತ್ತದೆ. ಮಾಸ್ಟರನ್ನು ಓರೆಯಾಗಿ ಕೂರಿಸಿದ್ದರೆ ಅದರ ಎತ್ತರದ ತುದಿಯಲ್ಲೂ ಅಷ್ಟೇ. ಜ್ಯಾಕ್ ಹಾಕಿ ಮಾಸ್ಟರನ್ನು ಸಮ ಮಾಡಿಕೊಂಡು ಕೆಲಸ ಮಾಡಿ. ಜ್ಯಾಕಿನ ಜತೆಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ನುಸುಳಬೇಡಿ.

ಏರ್ ತೆಗೆಯುವಾಗ

ಮಾಸ್ಟರಿನಿಂದ ಪೈಪಿನ ದಾರಿ ಅತಿ ಉದ್ದ ಇರುವ ಚಕ್ರದಿಂದ ಶುರು ಮಾಡಿ. ಬಲಗಡೆ ಡ್ರೈವರ್ ಇರುವ ಗಾಡಿಯಲ್ಲಿ ಅದು ಹೆಚ್ಚಾಗಿ ಹಿಂದಿನ ಎಡಚಕ್ರ. ಅಕ್ವೇರಿಯಂ ಅಂಗಡಿಯ ಪಾರದರ್ಶಕ ಪೈಪು ತನ್ನಿ, ಅಗ್ಗ, ಗುಳ್ಳೆ ಚೆನ್ನಾಗಿ ಕಾಣುತ್ತದೆ. ಅದರ ಒಂದು ತುದಿ ನಿಪ್ಪಲಿಗೆ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಲಿ. ನಿಪ್ಪಲಿಗೆ ರಿಂಗ್ ಸ್ಪ್ಯಾನರೇ ಬಳಸಿ. ತೆರೆದ ಬಾಯಿಯ ಸ್ಪ್ಯಾನರ್ ಮೂಲೆ ತಿಂದು ಹಾಕುತ್ತದೆ.

ಇಬ್ಬರು ಬೇಕು, ಇಬ್ಬರ ನಡುವೆ ಮಾತೂ ಬೇಕು.

"ಒತ್ತಿ ಹಿಡ್ಕೊಂಡಿದ್ದೀಯಾ?"

"ಹ್ಞೂ ಮಾಮ, ಹಿಡ್ಕೊಂಡಿದ್ದೀನಿ."

ಆಗ ನಿಪ್ಪಲನ್ನು ಕಾಲು ಸುತ್ತು ಬಿಡಿಸಬೇಕು. ಪೆಡಲ್ ಇಳಿಯುತ್ತದೆ. ನಿಪ್ಪಲ್ ಮುಚ್ಚಿ "ಬಿಡು" ಅಂದ ಮೇಲೆಯೇ ಕಾಲು ಎತ್ತಬೇಕು. ಒಂದು ಕ್ಷಣ ಮೊದಲು ಎತ್ತಿದರೆ ಬಂದ ಗಾಳಿ ಹಿಂದಕ್ಕೆ ಹೋಗುತ್ತದೆ. ಪಟಪಟ ಅಂತ ಪಂಪ್ ಮಾಡಬೇಡಿ, ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ, ಆಮೇಲೆ ಗಂಟೆಗಟ್ಟಲೆ ಕಾಯಬೇಕು. ಮಾಸ್ಟರಿನ ಮೇಲಿನ ಆಯಿಲ್ ಡಬ್ಬಿ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ನಿಪ್ಪಲಿನಿಂದ ಆಯಿಲ್ ಎಳೆಯುವ ವ್ಯಾಕ್ಯೂಮ್ ಪಂಪ್ ಇರುವವರಿಗೆ ಗುಳ್ಳೆ ನಿಲ್ಲುವುದೇ ಇಲ್ಲ, ಯಾಕೆಂದರೆ ಅದು ನಿಪ್ಪಲಿನ ತಿರುಪಿನ ಸುತ್ತಲಿನ ಗಾಳಿಯನ್ನೂ ಎಳೆಯುತ್ತದೆ. ಕಾಲು ಮತ್ತು ಮಾತೇ ವಾಸಿ.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು ಹಾಕಿ. ಹೊಸದು 230 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ, ನೀರು ಹೀರಿಕೊಂಡ ಮೇಲೆ 155. ಡಾಟ್ 3ಕ್ಕೆ ಇದು 205 ಮತ್ತು 140. ನೀರು ಕುಡಿದ ಆಯಿಲ್ ಹಾಕಿ ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಇಳಿದರೆ ಆಯಿಲ್ ಕುದಿದು ಆವಿಯಾಗಿ ಪೆಡಲ್ ನೆಲಕ್ಕೆ ಹೋಗಬಹುದು. ಹೋದ ವರ್ಷ ತೆರೆದಿಟ್ಟ ಬಾಟಲಿ ಎಸೆಯಿರಿ. ಡಾಟ್ 5 ಸಿಲಿಕೋನ್, ಉಳಿದವುಗಳ ಜತೆ ಬೆರೆಯುವುದಿಲ್ಲ, ಸಣ್ಣ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಬೇರೆ. ದುಬಾರಿ ಅಂದರೆ ಒಳ್ಳೆಯದು ಅಂತ ತಂದವರನ್ನು ನೋಡಿದ್ದೇನೆ. ಎಂಜಿನ್ ಆಯಿಲ್ ಒಂದು ತೊಟ್ಟು ಸೇರಿದರೂ ರಬ್ಬರ್ ಊದಿಕೊಳ್ಳುತ್ತದೆ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದರೆ ಒರೆಸುವ ಮೊದಲು ನೀರು ಹಾಕಿ.

ಇನ್ನೂ ಮೆತ್ತಗಿದ್ದರೆ

ಒಬ್ಬರು ಜೋರಾಗಿ ಒತ್ತಲಿ, ನೀವು ಮುಂದೆ ನಿಂತು ಪೆಡಲ್ ಬ್ರಾಕೆಟ್ಟನ್ನೇ ನೋಡಿ. ಎರಡು ಎಂಎಂ ತಗಡಿಗೆ ನಾಲ್ಕು ಬೋಲ್ಟ್ ಹೊಡೆದು ಮಾಸ್ಟರ್ ಕೂರಿಸಿದರೆ ಆ ತಗಡೇ ಬಾಗುತ್ತದೆ. ಅದು ಕಾಲಿಗೆ ಥೇಟ್ ಗಾಳಿಯ ಹಾಗೇ ಅನ್ನಿಸುತ್ತದೆ. ಹಿಂದೆ ಒಂದು ಆಂಗಲ್ ಕಟ್ ಮಾಡಿ ವೆಲ್ಡ್ ಹಾಕಿಸಿ.

ಪೆಡಲಿನ ಅಳತೆಯನ್ನೂ ತೆಗೆಯಿರಿ. ತಿರುಗುವ ಪಿನ್ನಿನಿಂದ ಕಾಲಿಡುವ ಜಾಗಕ್ಕೆ 300 ಎಂಎಂ, ಪಿನ್ನಿನಿಂದ ಮಾಸ್ಟರಿನ ರಾಡಿಗೆ 50 ಎಂಎಂ ಇದ್ದರೆ ಕಾಲಿನ ಬಲ ಆರು ಪಟ್ಟಾಗುತ್ತದೆ. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದ ಗಾಡಿಗೆ ಅಷ್ಟು ಸರಿ. ಆದರೆ ಅದೇ ಲೆಕ್ಕದಲ್ಲಿ ರಾಡು ಮತ್ತು ಪಿಸ್ಟನ್ ನಡುವೆ ಐದು ಎಂಎಂ ಸಂದು ಬಿಟ್ಟಿದ್ದರೆ ಕಾಲಿನ ಕೆಳಗೆ ಮೂವತ್ತು ಎಂಎಂ ಸುಮ್ನೆ ಹೋಗುತ್ತದೆ. ಒಂದು ಎಂಎಂ ಬಿಡಿ ಸಾಕು. ಪೂರ್ತಿ ಮುಚ್ಚಿದರೆ ಬ್ರೇಕ್ ಬಿಡುವುದೇ ಇಲ್ಲ. ದೊಡ್ಡ ಮಾಸ್ಟರ್ ಹಾಕಿದರೆ ಪೆಡಲ್ ಗಟ್ಟಿಯಾಗುತ್ತದೆ ಅನ್ನುವುದು ನಿಜವೇ. ಒಳವ್ಯಾಸ 19 ಎಂಎಂ ಇದ್ದದ್ದು 22 ಆದರೆ ಮೂರನೇ ಒಂದು ಭಾಗ ಜಾಸ್ತಿ ಆಯಿಲ್ ತಳ್ಳುತ್ತದೆ, ಅಷ್ಟೇ ಜಾಸ್ತಿ ಜೋರಾಗಿ ಕಾಲೂ ಒತ್ತಬೇಕು. ಮೆತ್ತಗಿರುವ ಕಾರಣ ಹುಡುಕದೆ ಇದನ್ನು ಮಾಡಿದವರು ತಪ್ಪನ್ನು ಮುಚ್ಚಿಟ್ಟ ಹಾಗೆ.

ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಇನ್ನೊಬ್ಬರು ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಒತ್ತಿ ನೋಡಲಿ. ಹೋಸನ್ನು ಕ್ಯಾಲಿಪರಿಗೆ ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹಳೆಯದಾದರೆ ಅಲ್ಲೇ ಒದ್ದೆ ಕಾಣುತ್ತದೆ. ಆಮೇಲೆ ಕಾಂಪೌಂಡಿನೊಳಗೆ ನಡೆಯುವ ವೇಗದಲ್ಲಿ ಹತ್ತು ಸಲ ನಿಲ್ಲಿಸಿ, ಮತ್ತೆ ನೋಡಿ. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗಂತೂ ಇಳಿಸುವ ಹಾಗಿಲ್ಲ. ನಮ್ಮ ಹುಡುಗರ ಗಾಡಿಯಲ್ಲಿ ಹತ್ತನೇ ಸಲಕ್ಕೆ ಹಿಂದಿನ ಬಲಚಕ್ರದ ಪೇಪರ್ ಒದ್ದೆಯಾಗಿತ್ತು. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಜೆ.ಸಿ. ರೋಡು.